ಲೈನ್ ಕ್ಲಿಯರ್

ಮೂರು ಫೈಲು, ಒಂದು ಪ್ಲಾಸ್ಟಿಕ್ ಚೀಲ,
ಚೀಲದ ಮೇಲೆ ಯಾದಗಿರಿಯ ಸೀರೆ ಅಂಗಡಿಯ ಹೆಸರು.
ಮೊದಲ ಫೈಲು ಗ್ಯಾಸ್ ಅಂದಿತ್ತು, ಎರಡನೆಯದು ಹರಳು,
ಮೂರನೆಯದು ಟಿಬಿ ಗಂಟಿರಬಹುದೆಂದು
ಆರು ತಿಂಗಳು ಗುಳಿಗೆ ನುಂಗಿಸಿತ್ತು.
ಮೂತ್ರ ಕೆಂಪಾದದ್ದಷ್ಟೇ ಲಾಭ.

ಸಾಬಣ್ಣ, ನಲವತ್ತನಾಲ್ಕು, ವಡಗೇರಾ ಕಡೆಯವನು,
ಕೆಇಬಿ ಲೈನ್‌ಮ್ಯಾನ್.
(ಇಲಾಖೆಯ ಹೆಸರು ಬದಲಾದದ್ದು
ಯಾರ ನಾಲಿಗೆಗೂ ಇನ್ನೂ ಗೊತ್ತಿಲ್ಲ.)

ಹೊಟ್ಟೆ ಒತ್ತಿದೆ. ಎಡಕ್ಕೆ, ಆಳದಲ್ಲಿ, ಬೆನ್ನಿಗೆ ಆತುಕೊಂಡು
ಏನೋ ಇತ್ತು, ಸರಿಯಲೊಲ್ಲದು.
ಆತ ಗಪ್ಪನೆ ಹಿಡಿದುಕೊಂಡದ್ದು ಹೊಟ್ಟೆಯನ್ನಲ್ಲ,
ತೊಡೆಯನ್ನು.
"ಇಲ್ಲಿ ಒತ್ತಿದ್ರ ಅಲ್ಲಿ ಕರೆಂಟ ಹೊಡೀತದ ನೋಡ್ರಿ ಮೇಡಂ.
ಹನ್ನೊಂದು ಕೆವಿ ಅಲ್ಲ, ಸಿಂಗಲ್ ಫೇಜು."

ಕತ್ತಲ ಕೋಣೆಯಲ್ಲಿ ನುಜ್ಹತ್ ಪರದೆಗೆ ಬೆರಳಿಟ್ಟಳು:
ಮೂತ್ರಪಿಂಡವನ್ನು ಮೆಲ್ಲಗೆ ಮೇಲಕ್ಕೆ ತಳ್ಳಿ ಕೂತ ಪೇರಲಗಾತ್ರದ ಗಂಟು,
ಎರಡೂ ತುದಿಗೆ ಒಂದೊಂದು ಬಾಲ.
"ಬಾಲ ಅಲ್ಲ, ಅದೇ ನರ. ಒಳಗೆ ಹೋಗಿ ಹೊರಗೆ ಬಂದಿದೆ.
ಹತ್ತು ವರ್ಷದಲ್ಲಿ ನಾನು ನೋಡಿದ್ದು ಎರಡನೆಯದು."
ಸೂಜಿಯಲ್ಲಿ ತೆಗೆದ ಚೂರನ್ನು ಅಂಬಾದಾಸರು ಗಾಜಿಗೇರಿಸಿ ಕರೆದರು.
ನೀಲಿ ಕಣಗಳ ಒಂದು ಸಾಲು, ನಡುವೆ ಬಯಲು,
ಎದುರಿಗೆ ಇನ್ನೊಂದು ಸಾಲು:
ವಾಡಿ ಜಂಕ್ಷನ್ನಿನ ಎರಡು ಪ್ಲಾಟ್‌ಫಾರ್ಮಿನಲ್ಲಿ
ಬಾರದ ರೈಲಿಗೆ ಎದುರುಬದುರು ನಿಂತ ಜನ.

ಶ್ವಾನೋಮಾ.
ಹೇಳಿದರೆ ಆತನಿಗೇನು ತಿಳಿದೀತು?
"ತಂತಿ ಛಲೋ ಅದ ಸಾಬಣ್ಣ. ಮ್ಯಾಲಿನ ರಬ್ಬರ ಉಬ್ಬ್ಯಾದ."
ಆತ ಎದ್ದು ಕೂತ.
"ಕ್ಯಾನ್ಸರ್?"
"ಅಲ್ಲ."
"ಹಂಗಾದ್ರ ರಬ್ಬರ ಸುಲೀರಿ, ತಂತಿ ಕಡೀಬ್ಯಾಡ್ರಿ.
ಕಾಲು ಹೋದ್ರ ಕಂಬ ಹ್ಯಾಂಗ ಏರ್ಲಿ?"
ಆಮೇಲೆ, ಸಣ್ಣ ದನಿಯಲ್ಲಿ:
"ಎಲ್ಸಿ ತಗೊಂತೀರಿ ಅಲ್ಲ?"

ಲೈನ್ ಕ್ಲಿಯರ್. ಸಪ್ಲೈ ಬಂದ್ ಆಗಿದೆಯೆಂಬ ಮಾತು.
ಅದಿಲ್ಲದೆ ಅವರು ಕಂಬ ಮುಟ್ಟುವುದಿಲ್ಲ.
ಇಲ್ಲ, ಎಂದೆ. ನಿಮಗೆ ನಿದ್ದೆ ಬರಿಸುತ್ತೇವೆ,
ಲೈನು ಮಾತ್ರ ಚಾಲೂ ಇರಬೇಕು,
ಯಾವ ಎಳೆ ಯಾವ ಮನೆಗೆ ಹೋಗುತ್ತದೆಂದು
ಮುಟ್ಟಿ ಮುಟ್ಟಿ ನೋಡಬೇಕು.
ಬಹಳ ಹೊತ್ತು ಫ್ಯಾನು ನೋಡಿದ.
"ಬಂದ್ ಅದ ಅಂತ ತಂತೀನ ಹೇಳಿದ್ರೂ ನಂಬಬ್ಯಾಡ್ರಿ.
ನಮ್ಮ ಮರೆಪ್ಪ ನಂಬಿದ್ದ."

ಕರುಳನ್ನು ಒದ್ದೆ ಬಟ್ಟೆಯಲ್ಲಿ ಬಲಕ್ಕೆ ಸರಿಸಿ
ಹಿಂದಿನ ಪೊರೆ ಬಿಡಿಸಿದೆ. ಹಳದಿ, ನುಣುಪು,
ಮೈಮೇಲೆಲ್ಲ ಹರಡಿಕೊಂಡ ಬಿಳಿ ಎಳೆಗಳು.
ಎಳೆಯಿಲ್ಲದ ಜಾಗ ಹುಡುಕಿ ಉದ್ದಕ್ಕೆ ಗೀರಿದೆ.
ಹಸಿ ತೊಗರಿಕಾಯಿಯಿಂದ ಕಾಳು ಜಾರುವಂತೆ
ಗಂಟು ಜಾರಿ ಬರುತ್ತದೆಂದು ನಮ್ಮ ಸರ್ ಪಾಠ ಮಾಡಿದ್ದರು.
ಎರಡೂವರೆ ಗಂಟೆ ಹಿಡಿಯಿತು.
ಸ್ಟಿಮ್ಯುಲೇಟರಿನ ತುದಿ ತಾಗಿದಾಗೆಲ್ಲ
ಹಸಿರು ಬಟ್ಟೆಯಡಿ ತೊಡೆ ಹಾರುತ್ತಿತ್ತು.
ಇದು ಬೇಕು. ಇದೂ ಬೇಕು.
ಕೊನೆಗೊಂದು, ದಾರಕ್ಕಿಂತ ಸಣ್ಣದು,
ಗಂಟಿನ ಹೊಟ್ಟೆಯಲ್ಲೇ ಹಾದದ್ದು. ತಾಗಿಸಿದೆ.
ತೊಡೆ ಸುಮ್ಮನಿತ್ತು.
ಇನ್ನೊಮ್ಮೆ.
ಸುಮ್ಮನೆ.

ಕತ್ತರಿಸಿದೆ.

ಮೂರನೆಯ ದಿನ ಎದ್ದು ನಿಂತ. ಮೊಣಕಾಲು ಚಾಚಿದ, ಮಡಿಸಿದ,
ಮಂಚದ ಕಂಬಿಯನ್ನು ಕಂಬವೆಂದೇ ಹಿಡಿದು ನಕ್ಕ.
ಆಮೇಲೆ ತೊಡೆಯ ಒಳಮೈ ಸವರಿಕೊಂಡು
ನಗು ನಿಲ್ಲಿಸಿದ.
"ಇಷ್ಟು ಜಾಗ ನಂದಲ್ಲೇನೋ ಅನಸ್ತದ್ರಿ."

ಅಲುಗದ್ದೆಲ್ಲ ಸತ್ತದ್ದಲ್ಲ.
ಕುಣಿಸುವ ಎಳೆಯಷ್ಟೇ ನನ್ನ ಯಂತ್ರಕ್ಕೆ ಉತ್ತರ ಕೊಡುತ್ತದೆ,
ಮುಟ್ಟಿದ್ದನ್ನು ತಿಳಿಸುವ ಎಳೆ ನಿದ್ದೆಯಲ್ಲಿ ಯಾರಿಗೆ ಹೇಳೀತು?
ಇದು ನನಗೆ ಗೊತ್ತಿತ್ತು. ಆತನೂ ಹೇಳಿದ್ದ.
ಕಡಿದದ್ದು ನಾನು, ಅದು ಬದುಕಿತ್ತು, ಎಂದೆ.
ಹೊಲಿಗೆ ಒತ್ತಿಹಿಡಿದು ಕೆಮ್ಮಿದ.
"ಇರ್ಲಿ ಬಿಡ್ರಿ. ಊರಿಗೆಲ್ಲ ಲೈಟ ಅದ,
ಒಂದ ಮನಿಗಿ ಇಲ್ಲ, ಅಷ್ಟ."

ವರ್ಷಕ್ಕೆರಡು ಸಲ ತಪಾಸಣೆಗೆ ಬರುತ್ತಾನೆ.
ಸ್ಕ್ಯಾನು ಸ್ವಚ್ಛ. ಆದರೂ ಕೂರಿಸಿ, ಕಣ್ಣು ಮುಚ್ಚಲು ಹೇಳಿ,
ಹತ್ತಿಯೆಳೆ ತಾಗಿಸುತ್ತ ಆ ಕತ್ತಲ ಮನೆಯ ಅಂಚನ್ನು
ಪೆನ್ನಿನಲ್ಲಿ ಗುರುತಿಸುತ್ತೇನೆ.
ಈ ಸಲ ಒಂದು ಬೆರಳು ಕಿರಿದಾಗಿದೆ ಎನ್ನುತ್ತಾನೆ.
ನಿಜಕ್ಕೂ ತಿಳಿಯಿತೋ,
ನನಗಾಗಿ ಹೇಳಿದನೋ,
ಕಣ್ಣು ಇನ್ನೂ ಮುಚ್ಚಿಯೇ ಇದೆ.